ಗುಡವಿಯ ಸೀಮೆಯಲ್ಲಿ ದಸ್ತಾವೇಜಿನ ಸಾಕ್ಷ್ಯ

ಪಕ್ಷಿಧಾಮವೆಂದು ಪ್ರಸಿದ್ಧವಾದ ಗುಡವಿಯ ಕೆರೆಯನ್ನು ನೋಡಲು ಸೊರಬಕ್ಕೆ ಬರುವವರು ನೀರುಕಾಗೆ ಹಾವಕ್ಕಿಗಳನ್ನು ಕಂಡು ಸಂತುಷ್ಟರಾಗಿ ಹಿಂದಿರುಗುತ್ತಾರಲ್ಲದೆ, ಈ ಸೀಮೆಯ ಒಕ್ಕಲು ತಾನುತ್ತ ನೆಲದ ಮೇಲಣ ಹಕ್ಕನ್ನು ಸ್ಥಾಪಿಸುವುದಕ್ಕಾಗಿ ಎಷ್ಟು ತಲೆಮಾರುಗಳಿಂದ ಬರೆಹವನ್ನು ಅರಸುತ್ತ ಬಂದಿದ್ದಾನೆಂದು ವಿಚಾರಿಸುವವರು ವಿರಳ.

ಬರೆಹಕ್ಕೆ ಇಲ್ಲಿ ಕೊರತೆಯಿತ್ತೆಂದಲ್ಲ. ಬಿ. ಎಲ್. ರೈಸರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಎಂಟನೆಯ ಸಂಪುಟದಲ್ಲಿ ಸೊರಬ ತಾಲ್ಲೂಕಿನ ಶಾಸನಗಳದೇ ದೊಡ್ಡ ಪಾಲು. ದಾನಶಾಸನವು ಮುಂದೆ ಹುಟ್ಟಬಹುದಾದ ವ್ಯಾಜ್ಯವನ್ನು ಎದುರುನೋಡಿ ಸಿದ್ಧಪಡಿಸಿದ ಸಾಕ್ಷ್ಯವೇ ಸರಿ: ಕೊಟ್ಟವನಾರು, ಪಡೆದವನಾರು, ಚತುಸ್ಸೀಮೆಗಳಾವುವು ಎಂಬುದನ್ನು ಹೇಳಿ, ಶಿಲೆಯ ನೆತ್ತಿಯಲ್ಲಿ ಸೂರ್ಯಚಂದ್ರರನ್ನು ಕೊರೆದು, ಧರ್ಮವನ್ನು ಅಳಿದವನಿಗೆ ಶಾಪವನ್ನೂ ವಿಧಿಸಿಯೇ ಅದು ಮುಗಿಯುತ್ತದೆ. ಆದರೆ ಆ ಗದ್ದೆಯನ್ನು ಉತ್ತವನ ಹೆಸರು ಕಲ್ಲಿನ ಮೇಲೆ ಕಾಣುವುದು ಅಪೂರ್ವ.

ಕೆಳದಿಯ ಶಿವಪ್ಪನಾಯಕನು (1645–1660) ಭೂಮಿಯನ್ನು ಅದರ ಗುಣಕ್ಕನುಸಾರವಾಗಿ ವರ್ಗೀಕರಿಸಿ ಕಂದಾಯವನ್ನು ನಿಗದಿಪಡಿಸಿದ ‘ಶಿಸ್ತು’ ಇಂದಿಗೂ ಜನಜನಿತ. ಅಂಟು ಮತ್ತು ಇದ್ದಿಲ ಪುಡಿಯನ್ನು ಬಟ್ಟೆಗೆ ಬಳಿದು, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತದಲ್ಲಿ ಕನ್ನಡನಾಡಿನ ಲೆಕ್ಕಪತ್ರಗಳು ಬಹುಕಾಲ ಬಾಳಿದುವು. ಬಲು ಬಾಳಿಕೆಯ ವಸ್ತುವದು. ಆದರೆ ಒರಸಿ ತಿದ್ದಲೂಬಹುದು, ಮತ್ತು ಅದು ಇರುತ್ತಿದ್ದುದು ಲೆಕ್ಕ ಬರೆಯುವವನ ಮನೆಯಲ್ಲೇ ಹೊರತು ಒಕ್ಕಲಿನ ಗುಡಿಸಲಿನಲ್ಲಲ್ಲ.

ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಎಚ್. ಗಣಪತಿಯಪ್ಪನವರ ನೇತೃತ್ವದಲ್ಲಿ ಗೇಣಿದಾರರು ಸತ್ಯಾಗ್ರಹಕ್ಕಿಳಿದಾಗ ವಿವಾದದ ಮೂಲ ಕೊಳಗದ ಅಳತೆ; ಗೇಣಿಯನ್ನು ಅಳೆಯುವ ಪಾತ್ರೆಯೂ ಒಡೆಯನದೇ, ಅಳೆದುದಕ್ಕೆ ಚೀಟಿ ಕೊಡುವ ವಾಡಿಕೆಯೂ ವಿರಳ. ಈ ಬಾಯಿಮಾತಿನ ಒಪ್ಪಂದಗಳ ಪರಿಣಾಮ ಎಷ್ಟು ದಾರುಣವೆಂಬುದು ಪೂರ್ಣವಾಗಿ ವ್ಯಕ್ತವಾದುದು, ದೇವರಾಜ ಅರಸರ ಸರ್ಕಾರವು ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿಯ ಮೇರೆಗೆ 1974ರ ಮಾರ್ಚ್ 1ರಂದು ಗೇಣಿಭೂಮಿಯೆಲ್ಲ ಸರ್ಕಾರದಲ್ಲಿ ನಿಹಿತವಾಗಿ, ಒಕ್ಕಲು ಏಳನೆಯ ನಮೂನೆಯ ಅರ್ಜಿಯನ್ನು ಹಿಡಿದು ಭೂನ್ಯಾಯಮಂಡಲಿಯ ಮುಂದೆ ನಿಲ್ಲಬೇಕಾಗಿ ಬಂದಾಗ. ವಕೀಲರಿಗೆ ಅಲ್ಲಿ ಆರಂಭದಲ್ಲಿ ಪ್ರವೇಶವಿರಲಿಲ್ಲ; ಬಡವನಿಗೆ ಇದು ಉಪಕಾರವೆಂದು ಶಾಸನಕರ್ತರು ಬಗೆದಿರಬೇಕು, ಆದರೆ ಕಾಗದಗಳನ್ನು ಕ್ರಮವಾಗಿ ಜೋಡಿಸಿಕೊಡುವವರಿಲ್ಲದ ನಿರಕ್ಷರನಿಗೆ ಅದು ಎಷ್ಟರಮಟ್ಟಿಗೆ ಉಪಕಾರವಾಯಿತೆಂಬ ಶಂಕೆ ನನಗುಂಟು. ಪಹಣಿಯಲ್ಲಿ ಸಾಗುವಳಿದಾರನ ಕಾಲಮ್ಮಿನಲ್ಲಿ ಹೆಸರಿದ್ದವನ ಹಾದಿ ಸುಗಮ. ಏಕೆಂದರೆ 1964ರ ಭೂಕಂದಾಯ ಕಾಯಿದೆಯ 133ನೆಯ ಕಲಮು, ಅನ್ಯಥಾ ರುಜುವಾತಾಗುವವರೆಗೆ ಆ ದಾಖಲೆಯನ್ನು ನಿಜವೆಂದೇ ಭಾವಿಸಬೇಕೆನ್ನುತ್ತದೆ. ಆ ಕಾಲಮ್ಮಿನಲ್ಲಿ ‘ಸ್ವಂತ’ವೆಂದು ಒಡೆಯನೇ ಬರೆಯಿಸಿಕೊಂಡಿದ್ದರೆ, ಉತ್ತವನು ನೆರೆಗದ್ದೆಯವರ ಹೇಳಿಕೆ, ಸ್ಥಳ ಮಹಜರು, ಎಲ್ಲಿಯೋ ಉಳಿದಿದ್ದ ಗೇಣಿಚೀಟಿ ಇವುಗಳನ್ನೇ ಆಶ್ರಯಿಸಬೇಕು. ದಾವೆಗಾಗಿ ಬರೆದ ಹತ್ತು ಪ್ರಮಾಣಪತ್ರಗಳಿಗಿಂತ, ದಾವೆಯ ಯೋಚನೆಯೇ ಇಲ್ಲದ ದಿನದಲ್ಲಿ ಹುಟ್ಟಿದ ಒಂದು ಹರಕು ರಸೀತಿ ಹೆಚ್ಚು ತೂಗುತ್ತದೆ. ಏಳನೆಯ ನಮೂನೆಯ ಅರ್ಜಿಯನ್ನು ಸಲ್ಲಿಸುವ ಅವಧಿಯನ್ನು 1979ರ ಜೂನ್ 30ರವರೆಗೆ ವಿಸ್ತರಿಸಲಾಯಿತು.

ಕಾಡಂಚಿನ ಸಾಗುವಳಿಯ ಪ್ರಶ್ನೆಯಾದರೋ ಬೇರೆ. 2006ರ ಅರಣ್ಯ ಹಕ್ಕು ಕಾಯಿದೆಯ ನಿಯಮಗಳು ಹಿರಿಯರ ಹೇಳಿಕೆಯನ್ನೂ ವಂಶಾವಳಿಯನ್ನೂ ಹಳೆಯ ಬಾವಿ, ಸ್ಮಶಾನ, ದೇವರ ನೆಲೆಗಳನ್ನೂ ಸಾಕ್ಷ್ಯವೆಂದು ಅಂಗೀಕರಿಸಿದುದು ನಿಜವಾಗಿ ಉದಾರವಾದ ಹೆಜ್ಜೆ. ಆದರೆ ಬುಡಕಟ್ಟಿಗೆ ಸೇರದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರುಗಳ, ಎಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಮನೆ ಬಿಟ್ಟು, ಸರ್ಕಾರವೇ ತೋರಿಸಿದ ಕಾಡುನೆಲಕ್ಕೆ ಬಂದ ಶರಾವತಿ ಸಂತ್ರಸ್ತರು 1930ರ ಸಾಕ್ಷ್ಯವನ್ನು ಆ ನೆಲದಲ್ಲಿ ಎಲ್ಲಿಂದ ತಂದಾರು? ಅವರ ಹಳೆಯ ಬಾವಿ, ಸ್ಮಶಾನ, ದೇವರ ನೆಲೆಗಳು ಜಲಾಶಯದ ತಳದಲ್ಲಿವೆ. ಅವರನ್ನು ಕರೆತಂದು ನೆಲೆಗೊಳಿಸಿದ ಆದೇಶಗಳು ಸರ್ಕಾರದ ಕಡತಗಳಲ್ಲೇ ಇವೆ.