ಶಾಪ ಯಾರಿಗೆ? ಆದಿಕಾಂಡದ ಒಂದು ಪ್ರಸಂಗ ಮತ್ತು ಗುಲಾಮಗಿರಿಯ ಸಮರ್ಥನೆ

ಬೈಬಲಿನ ಕ್ಲಿಷ್ಟ ಭಾಗಗಳನ್ನು ಪೂರ್ವಾಪರ ಸಂದರ್ಭದಿಂದ ಬೇರ್ಪಡಿಸಿ ಓದಿದರೆ ಒದಗುವ ಅನರ್ಥಕ್ಕೆ ಆದಿಕಾಂಡದ 9ನೆಯ ಅಧ್ಯಾಯವು ಪ್ರಮುಖ ನಿದರ್ಶನವಾಗಿದೆ. ದ್ರಾಕ್ಷಾರಸದಿಂದ ಮತ್ತನಾಗಿ ಗುಡಾರದಲ್ಲಿ ಬೆತ್ತಲೆಯಾಗಿ ಮಲಗಿದ್ದ ನೋಹನನ್ನು ಮಗನಾದ ಹಾಮನು ಕಾಣುತ್ತಾನೆ. ಎಚ್ಚೆತ್ತ ನೋಹನು, ಹಾಮನ ಮಗನಾದ ಕಾನಾನನು ದಾಸನಾಗಲೆಂದು ಶಪಿಸುತ್ತಾನೆ.

19ನೆಯ ಶತಮಾನದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಗುಲಾಮಗಿರಿಯ ಸಮರ್ಥಕರು ಇದನ್ನು 'ಹಾಮನ ಶಾಪ'ವೆಂದು ಕರೆದು, ಆಫ್ರಿಕನ್ನರ ದಾಸ್ಯಕ್ಕೆ ದೈವಸಮ್ಮತಿಯುಂಟೆಂದು ಬೋಧಿಸಿದರು. ಮೂಲಪಾಠವು ಇದಕ್ಕೆ ಎಡೆಗೊಡುವುದೇ ಎಂಬುದನ್ನು ನಾವು ಪರಿಶೀಲಿಸಬೇಕು. ಮೊದಲನೆಯದಾಗಿ, ಶಪಿಸಿದವನು ನೋಹನೇ ಹೊರತು ದೇವರಲ್ಲ. ಎರಡನೆಯದಾಗಿ, ಶಾಪಗ್ರಸ್ತನು ಹಾಮನಲ್ಲ, ಕಾನಾನನು. 10ನೆಯ ಅಧ್ಯಾಯದ ವಂಶಾವಳಿಯಂತೆ ಹಾಮನಿಗೆ ಕೂಷ್, ಮಿಚ್ರಯಿಮ್, ಪೂಟ್, ಕಾನಾನ್ ಎಂಬ ನಾಲ್ವರು ಮಕ್ಕಳು. ಈಜಿಪ್ಟಿನ ದಕ್ಷಿಣದ ನಾಡಿಗೆ ಹೆಸರಾದ ಕೂಷನನ್ನು ಶಾಪವು ಮುಟ್ಟುವುದೇ ಇಲ್ಲ. ಮೂರನೆಯದಾಗಿ, ಪ್ರಸಂಗದಲ್ಲಿ ಮೈಬಣ್ಣದ ಪ್ರಸ್ತಾಪವಿಲ್ಲ. ಇಸ್ರಾಯೇಲರಿಗೂ ಕಾನಾನ್ ನಾಡಿನವರಿಗೂ ಇದ್ದ ವೈರವೇ ಈ ಕಥೆಯ ಹಿನ್ನೆಲೆಯೆಂಬುದು ಅನೇಕ ವಿದ್ವಾಂಸರ ಅಭಿಮತ.

ಗುಲಾಮಗಿರಿಯಿಂದ ಪಾರಾಗಿದ್ದ ಫ್ರೆಡರಿಕ್ ಡಗ್ಲಸ್ ತಮ್ಮ 1845ರ ಆತ್ಮಕಥೆಯಲ್ಲಿ ಈ ವಾದವನ್ನು ಅದರ ನೆಲೆಯಲ್ಲಿಯೇ ಮುರಿದರು: ವರ್ಷವರ್ಷವೂ ಬಿಳಿಯ ತಂದೆಯರಿಗೆ ಗುಲಾಮ ಮಕ್ಕಳು ಹುಟ್ಟುತ್ತಿರುವಾಗ ಅವರನ್ನು ಹಾಮನ ವಂಶಜರೆಂದು ಎಣಿಸುವುದು ಹೇಗೆ? ಸಂವಿಧಾನದ 13ನೆಯ ತಿದ್ದುಪಡಿಯು 1865ರಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿತು. ಆದರೆ ಅದೇ ಓದು ವರ್ಣಭೇದದ ಸಮರ್ಥನೆಯಾಗಿ 20ನೆಯ ಶತಮಾನಕ್ಕೂ ಸಾಗಿಬಂದಿತು.

ವಾಕ್ಯದ ತಾತ್ಪರ್ಯವನ್ನು ನಿರ್ಣಯಿಸುವ ಮೊದಲು ಉಪಕ್ರಮ, ಉಪಸಂಹಾರಗಳನ್ನು ನೋಡಬೇಕೆಂಬ ಮೀಮಾಂಸಕರ ನಿಯಮವು ನಮಗೆ ಪರಿಚಿತವೇ ಆಗಿದೆ. ಆದಿಕಾಂಡವನ್ನು ಪವಿತ್ರವೆಂದು ನಂಬುವವರಿಗೆ ಈ ಎಚ್ಚರವು ಶ್ರದ್ಧೆಯ ಒಂದು ಅಂಗವೇ ಆಗುತ್ತದೆ.