ವೈಟ್‌ಫೀಲ್ಡ್: ಒಂದು ನೆಲೆ, ಮೂರು ಹೂಡಿಕೆಗಳು

ಬೆಂಗಳೂರಿನ ಪೂರ್ವದಂಚಿನಲ್ಲಿರುವ ವೈಟ್‌ಫೀಲ್ಡ್ ಇಂದು ಮಾಹಿತಿ ತಂತ್ರಜ್ಞಾನದ ಸಂಸ್ಥೆಗಳಿಗೂ ಬಹುಮಹಡಿಯ ವಸತಿಸಂಕೀರ್ಣಗಳಿಗೂ ಹೆಸರಾದ ಬಡಾವಣೆ. ಅಲ್ಲಿ ನೆಲೆಸಬೇಕೆಂದು ಬರುವವರು, ನಿವೇಶನವನ್ನೋ ಮನೆಯನ್ನೋ ಕೊಂಡು ಬೆಲೆ ಏರಲೆಂದು ಕಾಯುವವರು, ಹಳೆಯ ಬಂಗಲೆಗಳನ್ನು ನೋಡಲು ವಾರಾಂತ್ಯದಲ್ಲಿ ಬಂದುಹೋಗುವವರು ಎಂಬ ಮೂರು ಬಗೆಯ ಜನರನ್ನು ಅಲ್ಲಿ ಕಾಣಬಹುದು. ಇದು ಕಳೆದ ಮೂರು ದಶಕಗಳಲ್ಲಿ ಹುಟ್ಟಿದ ಸ್ಥಿತಿಯೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಸುಮಾರು ಒಂದು ಸಾವಿರ ವರ್ಷಗಳ ಅವಧಿಯಲ್ಲಿ ಈ ನೆಲದ ಮೇಲೆ ಕನಿಷ್ಠ ಮೂರು ಬಾರಿ ಜನರು ತಮ್ಮ ಶ್ರಮವನ್ನೂ ಹಣವನ್ನೂ ಭವಿಷ್ಯವನ್ನೂ ಹೂಡಿದ್ದಾರೆ. ಆ ಮೂರು ಹೂಡಿಕೆಗಳ ಸ್ವರೂಪ ಬೇರೆ ಬೇರೆ. ಅವುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಒಂದು ಊರು ಯಾವುದರ ಮೇಲೆ ನಿಲ್ಲುತ್ತದೆ ಎಂಬ ಪ್ರಶ್ನೆಗೆ ಉತ್ತರದ ಸುಳಿವು ದೊರೆಯುತ್ತದೆ.

ಮೊದಲನೆಯದು ಕೆರೆಯ ಹೂಡಿಕೆ. ವೈಟ್‌ಫೀಲ್ಡಿಗೆ ಹೊಂದಿಕೊಂಡ ಕಾಡುಗೋಡಿಯ ಕಾಶಿ ವಿಶ್ವೇಶ್ವರ ದೇವಾಲಯದಲ್ಲಿ ಕ್ರಿ.ಶ. 1043ರ ಒಂದು ತಮಿಳು ಶಾಸನವಿದೆ. ಅದು ಒಂದನೆಯ ರಾಜೇಂದ್ರ ಚೋಳನ ಕಾಲದ್ದು. ಪೆರ್ಮಾಡಿ ಗಾವುಂಡನ ಮಗನಾದ ರಾಜರಾಜ ವೇಳಾನ್ ಎಂಬವನು ಪಟ್ಟಂದೂರಿನ ಕೆರೆಯನ್ನು ಕಟ್ಟಿಸಿ, ತೂಬುಗಳನ್ನು ಇಡಿಸಿ, ದುರ್ಗೆ, ಕ್ಷೇತ್ರಪಾಲ ಮತ್ತು ಗಣಪತಿಯರನ್ನು ಪ್ರತಿಷ್ಠಾಪಿಸಿದ ಸಂಗತಿ ಅದರಿಂದ ತಿಳಿದುಬರುತ್ತದೆ. ಈ ಶಾಸನದಲ್ಲಿ ಬರುವ ತಂದೆ ಮತ್ತು ಮಗನ ಹೆಸರುಗಳೇ ಒಂದು ಚಿಕ್ಕ ಇತಿಹಾಸವನ್ನು ಹೇಳುತ್ತವೆ. ತಂದೆಯ ಹೆಸರಿನಲ್ಲಿ ಗಂಗರ ಪೆರ್ಮಾನಡಿ ಬಿರುದಿನ ಛಾಯೆಯೂ ಕನ್ನಡದ ಗಾವುಂಡ ಪದವಿಯೂ ಇವೆ. ಮಗನ ಹೆಸರಿನಲ್ಲಿ ಚೋಳ ಚಕ್ರವರ್ತಿಯ ಹೆಸರಿದೆ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಗಂಗವಾಡಿ ಚೋಳರ ವಶವಾದ ಮೇಲೆ, ಸ್ಥಳೀಯ ಒಡೆತನದ ಮನೆತನವೊಂದು ಒಂದೇ ತಲೆಮಾರಿನಲ್ಲಿ ಹೊಸ ಪ್ರಭುತ್ವಕ್ಕೆ ಹೊಂದಿಕೊಂಡ ಬಗೆಯನ್ನು ಇಲ್ಲಿ ಊಹಿಸಬಹುದು. ರಾಜಕೀಯ ಬದಲಾದರೂ ಊರಿನ ಮುಖ್ಯಸ್ಥನ ಕೆಲಸ ಬದಲಾಗಲಿಲ್ಲ. ಅವನು ಕೆರೆಯನ್ನು ಕಟ್ಟಿಸಬೇಕಾಗಿತ್ತು.

ಇದಕ್ಕೆ ಭೌಗೋಳಿಕ ಕಾರಣವಿದೆ. ಬೆಂಗಳೂರಿನ ಪೂರ್ವಭಾಗದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಹತ್ತಿರದ ದಕ್ಷಿಣ ಪಿನಾಕಿನಿ ಮಳೆಯನ್ನು ನಂಬಿದ ಹೊಳೆ. ಆದ್ದರಿಂದ ಇಳಿಜಾರಿನುದ್ದಕ್ಕೂ ಏರಿ ಹಾಕಿ ಮಳೆನೀರನ್ನು ತಡೆಯುವುದು, ಒಂದು ಕೆರೆಯ ಕೋಡಿಯ ನೀರು ಕೆಳಗಿನ ಇನ್ನೊಂದು ಕೆರೆಗೆ ಸೇರುವಂತೆ ಮಾಡುವುದು ಇಲ್ಲಿನ ಜೀವನಕ್ರಮವಾಗಿತ್ತು. ಕೆರೆಯನ್ನು ಕಟ್ಟಿದವನಿಗೂ ನೋಡಿಕೊಳ್ಳುವವನಿಗೂ ಅದರ ಕೆಳಗಿನ ಗದ್ದೆಯಲ್ಲಿ ಒಂದು ಭಾಗವನ್ನು ಬಿಟ್ಟುಕೊಡುವ ಪದ್ಧತಿಯನ್ನು ಕನ್ನಡ ಶಾಸನಗಳು ಬಿತ್ತುವಟ್ಟ ಎಂದು ಕರೆಯುತ್ತವೆ. ಇದನ್ನು ದಾನವೆಂದು ಮಾತ್ರ ಓದಿದರೆ ಅರ್ಧ ಅರ್ಥವಾದಂತೆ. ಹೂಳು ತೆಗೆಸುವ, ಏರಿಯನ್ನು ಭದ್ರಪಡಿಸುವ, ತೂಬನ್ನು ಸರಿಪಡಿಸುವ ಹೊಣೆ ಈ ಭೂಮಿಯ ಜೊತೆಗೇ ಬರುತ್ತಿತ್ತು. ಲಾಭ ಬರಬೇಕಾದರೆ ನೀರು ನಿಲ್ಲಬೇಕು, ನೀರು ನಿಲ್ಲಬೇಕಾದರೆ ಹೊಣೆ ಹೊತ್ತವನು ಊರಿನಲ್ಲಿಯೇ ಇರಬೇಕು. ನೆಲೆಸುವುದೂ ಹೂಡುವುದೂ ಇಲ್ಲಿ ಬೇರೆಯಾಗಿರಲಿಲ್ಲ.

ಎರಡನೆಯ ಹೂಡಿಕೆಯ ಹಿನ್ನೆಲೆಯಲ್ಲಿ ಒಂದು ದುರಂತವಿದೆ. 1876ರಿಂದ 1878ರವರೆಗಿನ ಮಹಾಕ್ಷಾಮ ಮೈಸೂರು ಸಂಸ್ಥಾನವನ್ನು ಬರಿದುಮಾಡಿತು. 1871ರಲ್ಲಿ ಐವತ್ತು ಲಕ್ಷವನ್ನು ದಾಟಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅದೇ 1881ರ ಮಾರ್ಚ್ 25ರಂದು ಬ್ರಿಟಿಷರು ಸಂಸ್ಥಾನದ ಆಡಳಿತವನ್ನು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದರು. ಸಿ. ರಂಗಾಚಾರ್ಲು ದಿವಾನರಾದರು. ಜನ ಕಡಿಮೆಯಾಗಿ ಹೊಲಗಳು ಬೀಳುಬಿದ್ದಿದ್ದ, ಬೊಕ್ಕಸ ಸೊರಗಿದ್ದ ಸಂಸ್ಥಾನವೊಂದಕ್ಕೆ ಭೂಮಿಯನ್ನು ಸಾಗುವಳಿಗೆ ತರುವವರು ಬೇಕಾಗಿದ್ದರು ಎಂದು ಭಾವಿಸುವುದು ಅಸಹಜವಲ್ಲ.

ಆ ಹೊತ್ತಿಗೆ ಭೂಮಿಯನ್ನು ಹುಡುಕುತ್ತಿದ್ದ ಒಂದು ಸಮುದಾಯವಿತ್ತು. ಅಂದು ಯುರೇಷಿಯನ್ನರೆಂದು, ಮುಂದೆ 1911ರ ಗಣತಿಯಿಂದ ಆಂಗ್ಲೋ ಇಂಡಿಯನ್ನರೆಂದು ಅಧಿಕೃತವಾಗಿ ಕರೆಸಿಕೊಂಡ ಈ ಜನರು ಐರೋಪ್ಯ ತಂದೆ ಮತ್ತು ಭಾರತೀಯ ತಾಯಿಯರ ಸಂತತಿಯವರು. ಈಸ್ಟ್ ಇಂಡಿಯಾ ಕಂಪನಿ 1791ರಲ್ಲಿ ಇವರನ್ನು ತನ್ನ ನಾಗರಿಕ, ಸೈನಿಕ ಮತ್ತು ನೌಕಾ ಸೇವೆಗಳಿಂದ ಹೊರಗಿಟ್ಟಿತು. 1795ರಲ್ಲಿ ಸೈನ್ಯದಲ್ಲಿ ಕೊಳಲು, ನಗಾರಿ ಬಾರಿಸುವಂತಹ ಕೆಲಸಗಳನ್ನು ಮಾತ್ರ ಇವರಿಗೆ ಉಳಿಸಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೈಲ್ವೆ, ತಂತಿ, ಸುಂಕದ ಇಲಾಖೆಗಳು ಇವರಿಗೆ ಕೆಲಸ ಕೊಟ್ಟವು. ಆದರೆ ಇಂಗ್ಲಿಷ್ ಕಲಿತ ಇತರ ಭಾರತೀಯರು ಅದೇ ಗುಮಾಸ್ತಗಿರಿಗೆ ಬರಲಾರಂಭಿಸಿದಾಗ ಆ ನೆಲೆಯೂ ಅಲುಗಾಡಿತು. ಸರ್ಕಾರಿ ನೌಕರಿಯೊಂದನ್ನೇ ನಂಬಿದ ಸಮುದಾಯಕ್ಕೆ ಸ್ವಂತ ಭೂಮಿ ಇರಲಿಲ್ಲ. ಇಂಗ್ಲೆಂಡು ಇವರನ್ನು ತನ್ನವರೆನ್ನಲಿಲ್ಲ, ಭಾರತವನ್ನು ತಮ್ಮದೆನ್ನಲು ಇವರಲ್ಲಿಯೂ ಹಲವರು ಹಿಂಜರಿದರು.

ಮದರಾಸಿನಲ್ಲಿ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘವನ್ನು ಕಟ್ಟಿದ ಡಿ.ಎಸ್. ವೈಟ್ ಈ ಇಕ್ಕಟ್ಟಿಗೆ ಕೃಷಿಯೇ ಪರಿಹಾರವೆಂದು ನಂಬಿದರು. ಲೇಖನಿಯನ್ನು ಹಿಡಿದ ಕೈ ನೇಗಿಲನ್ನೂ ಹಿಡಿಯಬೇಕು, ನೌಕರಿ ತಪ್ಪಿದರೂ ಊರು ತಪ್ಪಬಾರದು ಎಂಬುದು ಅವರ ಯೋಜನೆಯ ತಿರುಳು. 1882ರಲ್ಲಿ ಚಾಮರಾಜೇಂದ್ರ ಒಡೆಯರು ಬೆಂಗಳೂರಿನ ಪೂರ್ವಕ್ಕೆ ಸುಮಾರು 3,900 ಎಕರೆ ಭೂಮಿಯನ್ನು ಈ ಸಂಘದ ಕೃಷಿನೆಲೆಗಳಿಗಾಗಿ ನೀಡಿದರು. ಹೀಗೆ ಹುಟ್ಟಿದ ನೆಲೆಗಳಲ್ಲಿ ಒಂದಕ್ಕೆ ವೈಟ್ ಅವರ ಹೆಸರೇ ನಿಂತಿತು. ಸಾಸ್ಮಂಡ್ ಮತ್ತು ಗ್ಲೆನ್ ಗಾರ್ಡನ್ ಎಂಬ ಜೊತೆನೆಲೆಗಳ ಹೆಸರು ಇಂದು ಬಹುಮಟ್ಟಿಗೆ ಮರೆತುಹೋಗಿವೆ. ಬ್ರಿಟಿಷ್ ಸಾಮ್ರಾಜ್ಯದ ಸೇವೆಗಾಗಿ ತಲೆಮಾರುಗಳನ್ನು ಸವೆಸಿದ ಸಮುದಾಯಕ್ಕೆ ನೆಲ ದೊರೆತದ್ದು ಬ್ರಿಟಿಷರ ಆಡಳಿತದಲ್ಲಿದ್ದ ದಂಡುಪ್ರದೇಶದಲ್ಲಲ್ಲ, ಭಾರತೀಯ ಅರಸನೊಬ್ಬನ ಸೀಮೆಯಲ್ಲಿ ಎಂಬುದು ಗಮನಾರ್ಹ.

ಸ್ಥಳದ ಆಯ್ಕೆಗೆ ರೈಲು ಒಂದು ಅನುಕೂಲವಾಗಿತ್ತು. ಬೆಂಗಳೂರು ಮತ್ತು ಜೋಲಾರಪೇಟೆಗಳ ನಡುವಿನ ಮಾರ್ಗ 1864ರಲ್ಲಿಯೇ ತೆರೆದಿತ್ತು. ಹಳ್ಳಿಯನ್ನು ವೃತ್ತಾಕಾರದಲ್ಲಿ ಯೋಜಿಸಿ, ಮಧ್ಯದಲ್ಲಿ ಬಯಲನ್ನು ಬಿಟ್ಟು, ಸುತ್ತಲೂ ಮನೆಗಳ ನಿವೇಶನಗಳನ್ನೂ ಆಚೆಗೆ ಬೇಸಾಯದ ಭೂಮಿಯನ್ನೂ ಹಂಚಲಾಯಿತು. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಎಂಬ ಇಂದಿನ ಹೆಸರುಗಳು ಆ ವಿನ್ಯಾಸದ ಉಳಿಕೆಗಳು. ಹೆಂಚಿನ ಮಾಡು, ಮುಂದೆ ಮೊಗಸಾಲೆ, ಸುತ್ತ ತೋಟವಿದ್ದ ಬಂಗಲೆಗಳು ಎದ್ದವು. ಕ್ರೈಸ್ತ ಪ್ರಾರ್ಥನಾಮಂದಿರಗಳು ಕಟ್ಟಲ್ಪಟ್ಟವು.

ಆದರೂ ಬೇಸಾಯದ ನೆಲೆಯಾಗಿ ಅದು ನಿರೀಕ್ಷೆಯಂತೆ ಬೆಳೆಯಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೂ ಅಲ್ಲಿದ್ದ ಮನೆಗಳು ಕೆಲವೇ ಹತ್ತುಗಳು. ಇದಕ್ಕೆ ಸೋಮಾರಿತನವನ್ನು ಕಾರಣವಾಗಿ ಹೇಳುವುದು ವಸಾಹತುಶಾಹಿ ಬರಹಗಳ ಹಳೆಯ ರೂಢಿ. ನಿಜವಾದ ಕಾರಣಗಳು ಭೂಮಿಯಲ್ಲಿಯೇ ಇದ್ದವು. ಅದು ಕೆಂಪು ಜಲ್ಲಿಮಣ್ಣಿನ ಎತ್ತರದ ಖುಷ್ಕಿ ನೆಲ. ಕೆರೆಯ ಕೆಳಗಿನ ತರಿ ಭೂಮಿ ಎಂದೋ ಹಳೆಯ ಹಳ್ಳಿಗಳ ರೈತರ ಕೈಯಲ್ಲಿತ್ತು. ನೀರಿನ ಹಂಚಿಕೆ, ರಾಗಿಯ ಬಿತ್ತನೆಯ ಹದ, ದನಕರುಗಳ ಪೋಷಣೆ ಇವು ಪುಸ್ತಕದಿಂದ ಬರುವ ವಿದ್ಯೆಗಳಲ್ಲ, ತಲೆಮಾರುಗಳಿಂದ ಬಂದವು. ಫಸಲು ಕೈಗೆ ಬರುವವರೆಗೆ ಕಾಯಲು ಬೇಕಾದ ಬಂಡವಾಳವೂ ಸಾಲದಾಗಿತ್ತು. ಪಿಂಚಣಿಯಿದ್ದವರು ಮಾತ್ರ ನೆಮ್ಮದಿಯಾಗಿ ಬದುಕಬಲ್ಲವರಾದರು. ಹೀಗಾಗಿ ದುಡಿಯುವ ರೈತರ ಹಳ್ಳಿಯಾಗಬೇಕೆಂದು ಹುಟ್ಟಿದ ಊರು ನಿವೃತ್ತರ ಹಳ್ಳಿಯಾಗಿ ನೆಲೆನಿಂತಿತು.

ಸರ್ಕಾರದ ಕಡತದಲ್ಲಿ ಬೀಳು ಎಂದು ಬರೆಯಲಾದ ಭೂಮಿ ಸುತ್ತಣ ಹಳ್ಳಿಗಳ ಪಾಲಿಗೆ ನಿರುಪಯುಕ್ತವಾಗಿರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಮೈಸೂರು ಸೀಮೆಯ ಬಯಲುಗಳಲ್ಲಿ ಸಾಗುವಳಿಯಾಗದ ನೆಲವೆಂದರೆ ದನ ಮೇಯುವ ಜಾಗ, ಸೌದೆ ಮತ್ತು ಸೊಪ್ಪಿನ ಆಸರೆ, ಕೆರೆಗೆ ನೀರು ಹರಿದುಬರುವ ಒಡಲು. ಒಂದು ನೆಲೆಯಿಲ್ಲದ ಸಮುದಾಯಕ್ಕೆ ನ್ಯಾಯ ಒದಗಿಸುವ ಉದಾರ ಕಾರ್ಯದಲ್ಲಿಯೂ ಇನ್ನೊಂದು ಸಮುದಾಯದ ಹಕ್ಕು ಕಡತದಿಂದ ಜಾರಿಹೋಗುವ ಸಾಧ್ಯತೆ ಇತ್ತು. ವೈಟ್‌ಫೀಲ್ಡಿನ ಕುರಿತ ಬರಹಗಳಲ್ಲಿ ಬಂಗಲೆಗಳಿಗೆ ದೊರೆತಷ್ಟು ಸ್ಥಳ ಈ ಹಳ್ಳಿಗರಿಗೆ ದೊರೆತಿಲ್ಲ.

ನೋಡಲು ಬರುವವರ ಊರಾಗಿ ವೈಟ್‌ಫೀಲ್ಡ್ ಬೇಗ ಹೆಸರಾಯಿತು. ದಂಡುಪ್ರದೇಶದ ಜನ ವಾರಾಂತ್ಯದಲ್ಲಿ ಬಂದು ತಂಗುತ್ತಿದ್ದ ವೇವರ್ಲಿ ಇನ್ ಎಂಬ ತಂಗುದಾಣ ಪ್ರಸಿದ್ಧವಾಗಿತ್ತು. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ವಿನ್ಸ್ಟನ್ ಚರ್ಚಿಲ್ ತರುಣ ಸೈನಿಕ ಅಧಿಕಾರಿಯಾಗಿ 1896ರಲ್ಲಿ ಬೆಂಗಳೂರಿಗೆ ಬಂದದ್ದು ಚಾರಿತ್ರಿಕ ಸತ್ಯ. ಆತ ಈ ತಂಗುದಾಣದ ಒಡೆಯನ ಮಗಳನ್ನು ಪ್ರೀತಿಸಿ ಇಲ್ಲಿಗೆ ಬರುತ್ತಿದ್ದನೆಂಬುದು ಊರಿನ ಐತಿಹ್ಯ. ಭಾರತದಲ್ಲಿದ್ದಾಗಿನ ಆತನ ಪ್ರೇಮಪ್ರಸಂಗವಾಗಿ ಚರಿತ್ರಕಾರರು ದಾಖಲಿಸುವುದು ಸಿಕಂದರಾಬಾದಿನಲ್ಲಿ ಪರಿಚಯವಾದ ಪಮೇಲಾ ಪ್ಲೌಡನ್‌ಳ ಹೆಸರನ್ನು. ಐತಿಹ್ಯವನ್ನು ಸುಳ್ಳೆಂದು ತಳ್ಳಿಹಾಕುವುದಕ್ಕಿಂತ ಅದು ಏಕೆ ಹುಟ್ಟಿತೆಂದು ಕೇಳುವುದು ಹೆಚ್ಚು ಪ್ರಯೋಜನಕಾರಿ. ಆಳುವ ಜನಾಂಗ ತನ್ನ ಪಂಕ್ತಿಯಲ್ಲಿ ಕೂರಿಸಿಕೊಳ್ಳದ ಸಮುದಾಯವೊಂದು, ಆ ಜನಾಂಗದ ಅತ್ಯಂತ ಪ್ರಸಿದ್ಧ ವ್ಯಕ್ತಿಯನ್ನು ತನ್ನ ಮನೆಯಂಗಳಕ್ಕೆ ಅಳಿಯನಾಗಬಹುದಾದವನಂತೆ ಕರೆತಂದ ಕಥೆಯಿದು. ಆದರೆ ಪ್ರವಾಸಿಗರಿಗೆ ಹೇಳುವಾಗ ಚರ್ಚಿಲ್ ಉಳಿದು, ಊರನ್ನು ಕನಸಿದ ವೈಟ್ ಮರೆಯಾದದ್ದು ವಿಷಾದದ ಸಂಗತಿ.

ಇಂತಹದೇ ಮತ್ತೊಂದು ಪ್ರಯತ್ನ ಅರ್ಧ ಶತಮಾನದ ನಂತರ ನಡೆಯಿತು. ಇಂದಿನ ಜಾರ್ಖಂಡದಲ್ಲಿರುವ ಮೆಕ್‌ಕ್ಲಸ್ಕಿಗಂಜ್ 1933ರಲ್ಲಿ ಅರ್ನೆಸ್ಟ್ ಟಿಮೊಥಿ ಮೆಕ್‌ಕ್ಲಸ್ಕಿ ಎಂಬವರ ಮುಂದಾಳತ್ವದಲ್ಲಿ ಆರಂಭವಾಯಿತು. ಅಲ್ಲಿಯೂ ಭೂಮಿ ದೊರೆತದ್ದು ಭಾರತೀಯ ಅರಸುಮನೆತನವಾದ ರಾತುವಿನಿಂದ. ಅಲ್ಲಿ ಷೇರು ಕೊಂಡವರಿಗೆ ನೆಲ ಎಂಬ ಸ್ಪಷ್ಟ ಹೂಡಿಕೆಯ ಕ್ರಮವಿತ್ತು. 1947ರ ನಂತರ ಎರಡೂ ನೆಲೆಗಳಿಂದ ಜನ ಬ್ರಿಟನ್, ಆಸ್ಟ್ರೇಲಿಯಾ, ಕೆನಡಾಗಳತ್ತ ಹೊರಟರು. ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಈ ಸಮುದಾಯಕ್ಕಿದ್ದ ನಾಮಕರಣದ ಸ್ಥಾನಗಳೂ 2020ರ ಜನವರಿಯಲ್ಲಿ ಕೊನೆಗೊಂಡವು. ಹಣವನ್ನೂ ಭೂಮಿಯನ್ನೂ ಸಂಗ್ರಹಿಸುವುದು ಸಾಧ್ಯವಾದರೂ, ಮಕ್ಕಳ ಬಾಳಿಗೆ ಅಲ್ಲಿಯೇ ಆಧಾರ ದೊರೆಯದಿದ್ದರೆ ಊರು ಮುಂದುವರಿಯದೆಂಬುದಕ್ಕೆ ಇವೆರಡೂ ಸಾಕ್ಷಿ.

ಮೂರನೆಯ ಹೂಡಿಕೆ 1990ರ ದಶಕದ್ದು. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಇಲ್ಲಿ ರಫ್ತು ಉತ್ತೇಜನಾ ಕೈಗಾರಿಕಾ ವಲಯವನ್ನು ರೂಪಿಸಿತು. ದ್ವೀಪನಗರವಾದ ಸಿಂಗಾಪುರದ ಸಂಸ್ಥೆಗಳು, ಟಾಟಾ ಸಮೂಹ ಮತ್ತು ರಾಜ್ಯ ಸರ್ಕಾರಗಳ ಪಾಲುದಾರಿಕೆಯಲ್ಲಿ ಸುಮಾರು 69 ಎಕರೆಯ ಅಂತರರಾಷ್ಟ್ರೀಯ ತಂತ್ರಜ್ಞಾನ ಉದ್ಯಾನ ತಲೆಯೆತ್ತಿತು. ಸ್ವಂತ ನೀರಿನ ಕೊರತೆಯನ್ನು ಜಲಾಶಯ, ಮಳೆನೀರಿನ ಸಂಗ್ರಹ ಮತ್ತು ಬಳಸಿದ ನೀರಿನ ಶುದ್ಧೀಕರಣದಿಂದ ನಿಭಾಯಿಸುತ್ತ ಬಂದ ದ್ವೀಪ ಅದು. ಆ ದ್ವೀಪದಿಂದ ಕಟ್ಟಡದ ಮಾದರಿ ಬಂದಿತು, ನೀರಿನ ಎಚ್ಚರ ಬರಲಿಲ್ಲ. ವಿಪರ್ಯಾಸವೆಂದರೆ ಆ ಉದ್ಯಾನ ನಿಂತಿರುವುದು ಪಟ್ಟಂದೂರು ಅಗ್ರಹಾರದ ಸೀಮೆಯಲ್ಲಿ, ಅಂದರೆ 1043ರಲ್ಲಿ ಕೆರೆ ಕಟ್ಟಿಸಿದ ಊರಿನಲ್ಲಿ. 2007ರಲ್ಲಿ ಮಹದೇವಪುರ ನಗರಸಭೆಯೊಡನೆ ಈ ಪ್ರದೇಶ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. ಇಂದು ಸಾವಿರಾರು ಮನೆಗಳು ಕೊಳವೆಬಾವಿ ಮತ್ತು ಟ್ಯಾಂಕರುಗಳನ್ನು ನಂಬಿವೆ. ನೆರೆಯ ವರ್ತೂರು ಕೆರೆಯ ಕೋಡಿಯಲ್ಲಿ ನೀರಿಗೆ ಬದಲು ನೊರೆ ಉಕ್ಕಿದ ಚಿತ್ರಗಳನ್ನು 2015ರಲ್ಲಿ ದೇಶವೇ ನೋಡಿತು.

ಮೂರು ಹೂಡಿಕೆಗಳ ನಡುವಿನ ವ್ಯತ್ಯಾಸ ಈಗ ಸ್ಪಷ್ಟವಾಗುತ್ತದೆ. ರಾಜರಾಜ ವೇಳಾನ್ ನೀರಿನ ಮೇಲೆ ಹೂಡಿದನು, ಪ್ರತಿಫಲ ಅವನಿಗೂ ಊರಿಗೂ ಒಟ್ಟಿಗೆ ಬಂದಿತು. ವೈಟ್ ಅವರ ಸಂಘ ಸಮುದಾಯದ ಮಾನದ ಮೇಲೆ ಹೂಡಿತು, ಆದರೆ ನೀರೂ ಅನುಭವವೂ ಸಾಲದೆ ಸೊರಗಿತು. ಇಂದಿನ ಕೊಳ್ಳುವವನು ಚದರ ಅಡಿಯ ಬೆಲೆಯ ಮೇಲೆ ಹೂಡುತ್ತಾನೆ. ಅವನು ಊರಿನಲ್ಲಿ ಇಲ್ಲದಿದ್ದರೂ ಅವನ ಹಣ ಬೆಳೆಯಬಹುದು, ಕೆರೆಯ ಸ್ಥಿತಿಗೆ ಅವನು ಉತ್ತರಿಸಬೇಕಾಗಿಲ್ಲ. ಬಿತ್ತುವಟ್ಟದಲ್ಲಿ ಒಂದಾಗಿದ್ದ ಲಾಭ ಮತ್ತು ಹೊಣೆಗಳು ಇಲ್ಲಿ ಬೇರೆಯಾಗಿವೆ. ಹಳೆಯ ಪದ್ಧತಿಯಲ್ಲಿ ಜಾತಿ ಮತ್ತು ಒಡೆತನದ ಅಸಮಾನತೆಗಳಿದ್ದವು ಎಂಬುದನ್ನು ಮರೆಯಲಾಗದು. ಅದನ್ನು ಹಾಗೆಯೇ ಮರಳಿ ತರುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಆದರೆ ಕೆರೆಯಿಂದ ಲಾಭ ಪಡೆಯುವವನು ಕೆರೆಯ ಹೊಣೆಯನ್ನು ಹೊರಬೇಕೆಂಬ ಅದರ ತತ್ತ್ವ ಇಂದಿಗೂ ಸಲ್ಲುವಂಥದು.

2023ರ ಮಾರ್ಚ್ 25ರಂದು ಕೃಷ್ಣರಾಜಪುರದಿಂದ ಇಲ್ಲಿಗೆ ಮೆಟ್ರೋ ರೈಲು ಬಂದಿತು. ಅದರ ಕೊನೆಯ ನಿಲ್ದಾಣದ ಫಲಕದಲ್ಲಿ ವೈಟ್‌ಫೀಲ್ಡ್ ಮತ್ತು ಕಾಡುಗೋಡಿ ಎಂಬ ಎರಡು ಹೆಸರುಗಳೂ ಇವೆ. ಸ್ವಲ್ಪ ಹಿಂದಿನ ನಿಲ್ದಾಣ ಪಟ್ಟಂದೂರು ಅಗ್ರಹಾರ. ನಡುವೆ ಬರುವ ಹೋಪ್ ಫಾರ್ಮ್ ಎಂಬ ಹೆಸರಿನಲ್ಲಿ ಬೇಸಾಯದ ನೆನಪಿದೆ. ಚೋಳರ ಕಾಲದ ಕೆರೆಯೂರು, ಯುರೇಷಿಯನ್ನರ ಕೃಷಿನೆಲೆ, ತಂತ್ರಜ್ಞಾನದ ಬಡಾವಣೆ ಮೂರೂ ಕೆಲವೇ ನಿಮಿಷಗಳ ಪ್ರಯಾಣದಲ್ಲಿ ಎದುರಾಗುತ್ತವೆ. ಕಾಡುಗೋಡಿಯ ಶಾಸನ, ಸಂಸ್ಥಾನದ ಕಂದಾಯ ಕಡತಗಳು, ಚರ್ಚುಗಳ ನೋಂದಣಿ ಪುಸ್ತಕಗಳು ಮತ್ತು ಸುತ್ತಣ ಹಳ್ಳಿಗಳ ಹಿರಿಯರ ನೆನಪುಗಳನ್ನು ಒಟ್ಟಿಗೆ ಓದುವ ಕೆಲಸ ಸಂಶೋಧಕರಿಗಾಗಿ ಕಾದಿದೆ. ಇನ್ನರ್ ಸರ್ಕಲಿನಲ್ಲಿ ಉಳಿದಿರುವ ಹಳೆಯ ಬಂಗಲೆಗಳು ಬೆರಳೆಣಿಕೆಯವು, ಹಿರಿಯರ ಸಂಖ್ಯೆಯೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಆ ಕೆಲಸ ತಡವಾದರೆ ಕಲ್ಲಿನ ಶಾಸನವೊಂದೇ ಮಾತನಾಡಲು ಉಳಿಯುತ್ತದೆ.