ತಲೆ ಎಣಿಸಿದರು, ದಾರಿ ಅಳೆಯಲಿಲ್ಲ

ಬಯಲುಸೀಮೆಯಲ್ಲಿ 1,20,000 ಜನರಿಗೊಂದು, ಗುಡ್ಡಗಾಡಿನಲ್ಲಿ 80,000 ಜನರಿಗೊಂದು. 30 ಹಾಸಿಗೆಯ ಸಮುದಾಯ ಆರೋಗ್ಯ ಕೇಂದ್ರಕ್ಕೆ ಸರ್ಕಾರ ಇಟ್ಟುಕೊಂಡ ಲೆಕ್ಕ ಇದು. ಇದರಲ್ಲಿ ತಲೆಗಳಿವೆ, ಮೈಲಿಗಳಿಲ್ಲ. ಶೃಂಗೇರಿಯಂಥ ಮಲೆನಾಡಿನ ತಾಲ್ಲೂಕಿನಲ್ಲಿ ಒಟ್ಟು ಜನಸಂಖ್ಯೆಯೇ ಅಷ್ಟಿಲ್ಲ. ಒಂದು ಮನೆ ಈ ಗುಡ್ಡದ ಮೇಲಿದ್ದರೆ ಇನ್ನೊಂದು ಆ ಹಳ್ಳದಾಚೆ.

ಹಾಗಾಗಿ ಕಾಯಿಲೆಯವರನ್ನು ಸಾಗಿಸುವ ಹೊಣೆ ಬಹುಕಾಲ ಊರಿನದೇ ಆಗಿತ್ತು. ಬಿದಿರಿನ ಗಳಕ್ಕೆ ಕಂಬಳಿ ಕಟ್ಟಿ ಜೋಲಿ ಮಾಡಿ, ಹೆಗಲು ಬದಲಿಸುತ್ತ ಡಾಂಬರು ರಸ್ತೆವರೆಗೆ ಹೊರುವುದು. ಆಮೇಲೆ ಯಾರದೋ ಟ್ರ್ಯಾಕ್ಟರು, ಯಾರದೋ ಜೀಪು. ಇಂಥ ಫೋಟೊಗಳನ್ನು ಮಳೆಗಾಲದಲ್ಲಿ ನಾವು ಈಗಲೂ ಕಳಿಸುತ್ತೇವೆ. ‘ಹೋದ ವರ್ಷದ್ದಲ್ಲ ತಾನೆ?’ ಎಂದು ಡೆಸ್ಕಿನವರು ಕೇಳುತ್ತಾರೆ.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾಯಿತು, ಆಶಾ ಕಾರ್ಯಕರ್ತೆಯರು ಬಂದರು. ಅದೇ ವರ್ಷ ಹೈದರಾಬಾದಿನಲ್ಲಿ ಹುಟ್ಟಿದ 108 ಸೇವೆ, 2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಕರ್ನಾಟಕಕ್ಕೆ ಬಂತು. ಫೋನ್ ಮಾಡಿದರೆ ಸರ್ಕಾರಿ ಖರ್ಚಿನಲ್ಲಿ ಗಾಡಿ ಬರುವುದು ಹಳ್ಳಿಗೆ ಸಣ್ಣ ಸಂಗತಿಯಲ್ಲ. ಆದರೆ ಆ ಗಾಡಿ ಆಸ್ಪತ್ರೆಗೆ ಒಯ್ಯುತ್ತಿತ್ತೇ ಹೊರತು ಮನೆಗೆ ಬಿಡುತ್ತಿರಲಿಲ್ಲ. ಹೆರಿಗೆಯಾದವಳು ಹಸಿಮೈಯಲ್ಲೇ ಕೂಸನ್ನು ಮಡಿಲಲ್ಲಿಟ್ಟುಕೊಂಡು ಲಗೇಜ್ ಆಟೊ ಹತ್ತಬೇಕಿತ್ತು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಬಾಣಂತಿಯನ್ನು ಮನೆ ಮುಟ್ಟಿಸುವುದನ್ನೂ ಸರ್ಕಾರದ ಕೆಲಸ ಎಂದಿತು. ನಮ್ಮಲ್ಲಿ ಅದಕ್ಕೆ ‘ನಗು-ಮಗು’ ವಾಹನ ಬಂತು. ಆಸ್ಪತ್ರೆಗೆ ಬಂದವರು ವಾಪಸ್ ಹೋಗಬೇಕು ಎಂಬುದು ಇಲಾಖೆಗೆ ಹೊಳೆಯಲು ಇಷ್ಟು ಕಾಲ ಬೇಕಾಯಿತೇ ಎಂದು ನಮಗೆ ಅನ್ನಿಸುವುದುಂಟು.

ಹೊರಗುಳಿದವರು ತುರ್ತಲ್ಲದ ರೋಗಿಗಳು. ಬುಡಕಟ್ಟು ಪ್ರದೇಶದ ಕ್ಷಯರೋಗಿಗೆ ಪ್ರಯಾಣಕ್ಕೆಂದು 750 ರೂಪಾಯಿ ಇದೆ, ಒಂದೇ ಸಲ. ಚಿಕಿತ್ಸೆ ಆರು ತಿಂಗಳು. ಡಯಾಲಿಸಿಸ್ ಬಡವರಿಗೆ ಉಚಿತ, ಅಲ್ಲಿಗೆ ಹೋಗುವುದು ಅವರವರ ಪಾಡು. ವಾರಕ್ಕೆರಡು ಮೂರು ಸಲ ಹೋಗುವವರಿಗೆ 108 ಬರುವುದಿಲ್ಲ, ಅದು ತುರ್ತು ಸೇವೆ.

ಇವರಿಗೆ ನಿಜವಾಗಿ ನೆರವಾದದ್ದು ಆರೋಗ್ಯ ಇಲಾಖೆಯಲ್ಲ, ಸಾರಿಗೆ ಇಲಾಖೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಆದರೆ ಬಸ್ಸು ಬರುವ ಊರಿಗೆ ಮಾತ್ರ. ನಾವು ಸುದ್ದಿಗೆ ಹೋಗುವ ಒಂದು ಹಳ್ಳಿಗೆ ಬೆಳಗಿನ ಬಸ್ಸು ಒಂದೇ. ಅಲ್ಲಿಂದ ಡಯಾಲಿಸಿಸ್‌ಗೆ ಹೋಗುವ ಹೆಂಗಸಿಗೆ ಟಿಕೆಟ್ಟಿಲ್ಲ, ಜೊತೆಗೆ ಹೋಗುವ ಗಂಡನಿಗೆ ಪೂರ್ತಿ ದರ. ಮುಗಿಸಿ ಬರುವಷ್ಟರಲ್ಲಿ ಸಂಜೆಯ ಬಸ್ಸು ಹೋಗಿದ್ದರೆ ಇಬ್ಬರಿಗೂ ಆಟೊ.